ಬೆಳಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ದಾವಣಗೆರೆಯಲ್ಲಿ ಬೆಣ್ಣೆದೋಸೆ ಹೋಟೆಲ್ ಇದೆ. ಬೆಳಗ್ಗೆ 6ರಿಂದ ಮಧ್ಯಾಹ್ನ 1ರವರೆಗೆ ಒಲೆ ಮುಂದೆ ನಿಂತೇ ಇರುತ್ತೇನೆ. ಎಂಟು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಹಾಸಿಗೆಯಿಂದ ಎದ್ದು ಕಾಲೂರಿದರೆ ಮೊಳೆ ತುಳಿದ ಹಾಗೆ. ಹತ್ತು ಹೆಜ್ಜೆ ನಡೆದರೆ ಕಡಿಮೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಶುರು. ಎಕ್ಸ್‌ರೇಯಲ್ಲಿ ಮೂಳೆ ಬೆಳೆದಿದೆ ಅಂದರು. ಒಂದು ಇಂಜೆಕ್ಷನ್ ಹಾಕಿಸಿದೆ, ಎರಡು ತಿಂಗಳು ಆರಾಮಿತ್ತು, ಆಮೇಲೆ ಅದೇ ಕಥೆ. ಆ ಮೂಳೆ ತೆಗೆಸದೆ ಹೋಗಲ್ಲ ಅಂತಾರೆ. ಆಪರೇಷನ್ ಮಾಡಿಸಲಾ?

ಉತ್ತರ: ಬೇಡ. ಸದ್ಯಕ್ಕಂತೂ ಆ ಮಾತೇ ಬೇಡ.

ಮೊದಲ ಹೆಜ್ಜೆಗೆ ಮೊಳೆ, ಹತ್ತು ಹೆಜ್ಜೆಗೆ ಆರಾಮ ಅಂತ ಬರೆದಿದ್ದೀರಲ್ಲ, ಕಾಯಿಲೆಯ ಗುರುತು ಅಲ್ಲೇ ಇದೆ. ಅಂಗಾಲಿನ ಅಡಿಯಲ್ಲಿ ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಒಂದು ದಪ್ಪ ಪಟ್ಟಿ ಇದೆ. ಪ್ಲಾಂಟಾರ್ ಫೇಸಿಯಾ ಅಂತಾರೆ. ಬಿಲ್ಲಿಗೆ ಹೆದೆ ಇದ್ದ ಹಾಗೆ, ಪಾದದ ಕಮಾನನ್ನು ಅದು ಹಿಡಿದಿಟ್ಟಿರುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿರುತ್ತದೆ, ಪಟ್ಟಿ ಮುದುರಿಕೊಳ್ಳುತ್ತದೆ. ಬೆಳಗ್ಗೆ ಇಡೀ ಮೈಭಾರ ಒಮ್ಮೆಲೇ ಬಿದ್ದಾಗ, ಅದು ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ಜಗ್ಗುತ್ತದೆ. ನಿಮ್ಮ ಮೊಳೆ ಅದೇ.

ಇನ್ನು ಬೆಳೆದ ಮೂಳೆಯ ವಿಚಾರ. ಪಾಪ, ಅದರ ಮೇಲೆ ಸುಮ್ನೆ ಅಪವಾದ. ಎಕ್ಸ್‌ರೇಯಲ್ಲಿ ಹೀಗೆ ಬೆಳೆದ ಮೂಳೆಯ ಮುಳ್ಳು ಕಂಡರೂ ಒಂದು ದಿನವೂ ನೋವು ಕಾಣದವರು ಎಷ್ಟೋ ಜನ ಇದ್ದಾರೆ. ಮುಳ್ಳೇ ಇಲ್ಲದೆ ನರಳುವವರೂ ಇದ್ದಾರೆ. ನಿಮ್ಮ ಎಡಗಾಲಿನ ಎಕ್ಸ್‌ರೇ ತೆಗೆಸಿದರೆ ಅಲ್ಲೂ ಒಂದು ಕಾಣಬಹುದು! ನೋವು ಹೋದ ಮೇಲೂ ಆ ಮುಳ್ಳು ಅಲ್ಲೇ ಇರುತ್ತದೆ, ಇರಲಿ ಬಿಡಿ.

ಇಂಜೆಕ್ಷನ್ ಯಾಕೆ ನಿಲ್ಲಲಿಲ್ಲ? ತಿಂಗಳುಗಟ್ಟಲೆ ಆದ ನೋವಿನಲ್ಲಿ ಉರಿಯೂತಕ್ಕಿಂತ ಸವೆತವೇ ಜಾಸ್ತಿ, ಹಳೇ ಹಗ್ಗದ ಎಳೆ ಬಿಚ್ಚಿಕೊಂಡ ಹಾಗೆ. ಇಂಥ ನೋವಿಗೆ ಸಾಮಾನ್ಯವಾಗಿ ಹಾಕುವ ಸ್ಟಿರಾಯ್ಡ್ ಇಂಜೆಕ್ಷನ್ ನೋವನ್ನು ಸ್ವಲ್ಪ ದಿನ ಮಲಗಿಸುತ್ತದೆ, ಹಗ್ಗ ಹೊಸೆಯುವುದಿಲ್ಲ. ಪದೇ ಪದೇ ಹಾಕಿಸಿದರೆ ಪಟ್ಟಿ ಹರಿಯಬಹುದು, ಹಿಮ್ಮಡಿಯ ಮೆತ್ತನೆ ಕೊಬ್ಬು ಕರಗಬಹುದು. ಶುಗರ್ ಇದ್ದರೆ ಏರುತ್ತದೆ ಕೂಡ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯೂ ನಾಲ್ಕು ದಿನಕ್ಕೆ ಸರಿ. ಎಂಟು ತಿಂಗಳು ನುಂಗುವಂಥದ್ದಲ್ಲ, ಹೊಟ್ಟೆ ಮತ್ತು ಕಿಡ್ನಿ ಅದರ ಲೆಕ್ಕ ಕೇಳುತ್ತವೆ.

ನಾಳೆ ಬೆಳಗ್ಗೆಯಿಂದ ಇದನ್ನು ಮಾಡಿ. ಕಾಲು ನೆಲಕ್ಕೆ ಇಡುವ ಮೊದಲು ಹಾಸಿಗೆಯಲ್ಲೇ ಕುಳಿತು ಬಲಪಾದವನ್ನು ಎಡತೊಡೆ ಮೇಲೆ ಇಟ್ಟುಕೊಳ್ಳಿ. ಬಲಗೈಯಿಂದ ಕಾಲ್ಬೆರಳು ಐದನ್ನೂ ಹಿಡಿದು ಮೊಳಕಾಲಿನ ಕಡೆಗೆ ಎಳೆಯಿರಿ. ಎಡಗೈ ಹೆಬ್ಬೆರಳಿನಿಂದ ಅಂಗಾಲು ಸವರಿ ನೋಡಿ. ಬಿಗಿದ ತಂತಿಯ ಹಾಗೆ ಸಿಗುತ್ತದಲ್ಲ, ಅದೇ ಆ ಪಟ್ಟಿ. ಸಿಗದಿದ್ದರೆ ಎಳೆದದ್ದು ಸಾಲದು. ಹತ್ತು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. 2003ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಬರೀ ಮೀನಖಂಡ ಎಳೆಯುವ ವ್ಯಾಯಾಮಕ್ಕಿಂತ ಇದೇ ಹೆಚ್ಚು ಗುಣ ಕೊಟ್ಟಿತ್ತು. ಹಾಗಂತ ಮೀನಖಂಡವನ್ನು ಬಿಡಬೇಡಿ. ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ ಅದನ್ನೂ ಎಳೆಯಿರಿ.

ಎರಡು ವಾರ ಕಳೆದ ಮೇಲೆ ಇನ್ನೊಂದು ಸೇರಿಸಿ. ಮೆಟ್ಟಿಲ ಅಂಚಿನಲ್ಲಿ ಟವೆಲ್ ಸುರುಳಿ ಸುತ್ತಿಟ್ಟು, ಅದರ ಮೇಲೆ ಕಾಲ್ಬೆರಳು ಇಟ್ಟು ನಿಲ್ಲಿ. ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ, ಎರಡು ಸೆಕೆಂಡ್ ನಿಂತು, ಅಷ್ಟೇ ನಿಧಾನ ಇಳಿಸಿ. ದಿನ ಬಿಟ್ಟು ದಿನ ಸಾಕು. ಮೊದಮೊದಲು ಕಷ್ಟ ಅನ್ನಿಸುತ್ತದೆ, ಎರಡೂ ಕಾಲಿನಿಂದ ಶುರು ಮಾಡಿ.

ಈಗ ನಿಮ್ಮ ಚಪ್ಪಲಿ. ಹೋಟೆಲ್ ಅಡುಗೆಮನೆಯಲ್ಲಿ ಹವಾಯಿ ಚಪ್ಪಲಿಯೇ ಇರುತ್ತದೆ ಅಂತ ಊಹೆ. ತಿರುಗಿಸಿ ಹಿಮ್ಮಡಿ ಕಡೆ ಒತ್ತಿ ನೋಡಿ. ಬೆರಳಿಗೆ ಬೆರಳು ತಾಗಿದ ಹಾಗಾದರೆ ಅದು ಚಪ್ಪಲಿಯಲ್ಲ, ಕಾಗದ. ಹಿಮ್ಮಡಿ ದಪ್ಪಗಿರುವ, ಜಾರದ ಶೂ ತಗೊಳ್ಳಿ. ಬೇಕಿದ್ದರೆ ಒಳಗೆ ಹಿಮ್ಮಡಿಗೆ ಮೆತ್ತೆಯಾಗುವ ಸಿಲಿಕೋನ್ ಹೀಲ್ ಕಪ್ ಹಾಕಿ. ಒಲೆ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಗಂಟೆಗೊಮ್ಮೆ ಎರಡು ನಿಮಿಷ ಕುಳಿತರೆ ಗಿರಾಕಿ ಓಡಿಹೋಗುವುದಿಲ್ಲ. ಮನೆಯ ಟೈಲ್ಸ್ ಮೇಲೂ ಬರಿಗಾಲು ಬೇಡ. ಒಳಗೆ ಚಪ್ಪಲಿಯಾ ಅಂತ ಹಿರಿಯರು ಬೈದರೆ, ಹೊರಗೆ ಹೋಗದ ಹೊಸ ಜೊತೆ ಒಂದು ಮನೆಗೇ ಅಂತ ಇಡಿ. ತೂಕ ಜಾಸ್ತಿ ಇದ್ದರೆ ಇಳಿಸಬೇಕು. ಬೆಣ್ಣೆ ಮುದ್ದೆಯ ಪಕ್ಕದಲ್ಲೇ ನಿಂತವರಿಗೆ ಈ ಮಾತು ಹೇಳುವುದು ನನಗೂ ಕಷ್ಟವೇ. ಸಂಜೆ ನೋವಿದ್ದರೆ ನೀರಿನ ಬಾಟಲಿ ಫ್ರೀಜ್ ಮಾಡಿ, ಬಟ್ಟೆ ಸುತ್ತಿ, ಅಂಗಾಲಿನಡಿ ಹತ್ತು ನಿಮಿಷ ಉರುಳಿಸಿ.

ಹೀಗೆ ಮಾಡಿದರೆ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಆರು ತಿಂಗಳಿಂದ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ. ನಿಮಗೆ ಎಂಟು ತಿಂಗಳು ಆಗಿದೆ, ನಿಜ. ಆದರೆ ಎಣಿಸಬೇಕಾದ್ದು ನೋವು ಶುರುವಾದ ದಿನದಿಂದಲ್ಲ, ವ್ಯಾಯಾಮ ಶುರುವಾದ ದಿನದಿಂದ. ಆಮೇಲೂ ಬಗ್ಗದಿದ್ದರೆ ಹೊರಗಿನಿಂದಲೇ ಧ್ವನಿ ತರಂಗ ಹಾಯಿಸುವ ಶಾಕ್‌ವೇವ್ ಚಿಕಿತ್ಸೆ ಇದೆ. ಕತ್ತರಿ ಎಲ್ಲಕ್ಕಿಂತ ಕೊನೆಗೆ.

ಒಂದು ಎಚ್ಚರಿಕೆ. ಸುಮ್ಮನೆ ಮಲಗಿದಾಗಲೂ ನೋವು, ಬಾವು, ಜ್ವರ, ಜೋಮು, ಅಥವಾ ಪಟ್ ಅಂದು ಕಾಲೂರಲು ಆಗದ ಹಾಗಾದರೆ ಕಾಯಬೇಡಿ, ತೋರಿಸಿ. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಗ್ಗೆ ಸೊಂಟ ಹಿಡಿದುಕೊಳ್ಳುತ್ತಿದ್ದರೆ ಅದು ಬೇರೆ ವಾತದ ಕಾಯಿಲೆ ಇರಬಹುದು.

ಪ್ರಶ್ನೆ: ನಾನು ಚಿತ್ರದುರ್ಗದ ಗೃಹಿಣಿ, 58 ವರ್ಷ. 12 ವರ್ಷದಿಂದ ಶುಗರ್. ರಾತ್ರಿ ಅಂಗಾಲು ಉರಿ, ಹತ್ತಿಯ ಮೇಲೆ ನಡೆದ ಹಾಗೆ. ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗಲ್ಲ. ನಮ್ಮತ್ತೆ ಇಟ್ಟಿಗೆ ಕಾಯಿಸಿ, ಎಕ್ಕದ ಎಲೆ ಹಾಕಿ ಕಾಲಿಡು ಅಂತಾರೆ. ಇಡಬಹುದಾ?

ಉತ್ತರ: ದಯವಿಟ್ಟು ಇಡಬೇಡಿ, ತಾಯಿ. ಶುಗರ್ ಇಲ್ಲದವರು ಹದವಾದ ಶಾಖ ತಗೊಂಡರೆ ಹಿತ ಅನ್ನಿಸಬಹುದು. ನಿಮ್ಮದು ಹಿಮ್ಮಡಿಯ ನೋವಲ್ಲ, ನರ ಸೊರಗಿದ ಲಕ್ಷಣ. ಬಿದ್ದ ಚಪ್ಪಲಿ ಗೊತ್ತಾಗದ ಕಾಲಿಗೆ ಸುಡುವ ಇಟ್ಟಿಗೆಯೂ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು, ಹುಣ್ಣಾಗಿ, ವಾಸನೆ ಬಂದ ಮೇಲೆ ಆಸ್ಪತ್ರೆಗೆ ಬಂದವರನ್ನು ನೋಡಿದ್ದೇನೆ.

ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ದಾರದಂಥ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುತ್ತಾರೆ, ನೋವೇನಿಲ್ಲ. ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ನೋಡಿಸಿ. ಶುಗರ್‌ಗೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ನುಂಗುತ್ತಿದ್ದರೆ ವಿಟಮಿನ್ ಬಿ12 ಕೂಡ, ಆ ಮಾತ್ರೆಯಿಂದ ಅದು ಕಡಿಮೆಯಾಗಬಹುದು. ಉರಿಗೆ ಬೇರೆ ಮಾತ್ರೆಗಳಿವೆ, ವೈದ್ಯರೇ ಕೊಡಲಿ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಹಿಂದೆ ಪಟ್ಟಿ ಇರುವ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಹಾಕಿ, ಜಾರುವುದಿಲ್ಲ. ಕೋಟೆ ಮೇಲೆ ಏಕನಾಥೇಶ್ವರಿ ದರ್ಶನಕ್ಕೆ ಹೋಗುವುದಿದ್ದರೆ ಬೆಳಗ್ಗೆಯೇ ಹೋಗಿ ಬನ್ನಿ. ಬೇಸಿಗೆ ಮಧ್ಯಾಹ್ನ ಆ ಬಂಡೆಯೂ ಕಾದ ಇಟ್ಟಿಗೆಯೇ.

ಪ್ರಶ್ನೆ: ಚನ್ನಗಿರಿಯಿಂದ ಬರೆಯುತ್ತಿದ್ದೇನೆ. ಮಗನಿಗೆ 11 ವರ್ಷ, ಶಾಲೆಯ ಖೋಖೋ ತಂಡದಲ್ಲಿದ್ದಾನೆ. ಆಡಿ ಬಂದ ಮೇಲೆ ಹಿಮ್ಮಡಿ ನೋವು ಅಂತ ಕುಂಟುತ್ತಾನೆ. ನಾಟಕವಾ?

ಉತ್ತರ: ನಾಟಕವಲ್ಲ. ಈ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೆದು, ಅದನ್ನು ಮೀನಖಂಡ ಎಳೆದು ನೋಯಿಸುತ್ತದೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದಾಗ ಅಯ್ಯೋ ಅಂದರೆ ಹೆಚ್ಚಾಗಿ ಇದೇ. ಕೆಲವು ವಾರ ಓಟ, ಜಿಗಿತ ಕಡಿಮೆ ಮಾಡಿಸಿ, ಮೆತ್ತನೆ ಶೂ ಕೊಡಿಸಿ, ಮೀನಖಂಡ ಎಳೆಯುವುದನ್ನು ಕಲಿಸಿ. ಬೆಳವಣಿಗೆ ಮುಗಿದಂತೆ ತಾನಾಗಿ ಹೋಗುತ್ತದೆ. ಜ್ವರ, ಬಾವು ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವಿದ್ದರೆ ಮಾತ್ರ ಕೂಡಲೇ ತೋರಿಸಿ. ತಂಡದಿಂದ ಬಿಡಿಸಬೇಕಾಗಿಲ್ಲ, ಮೇಷ್ಟ್ರಿಗೆ ಒಂದು ಮಾತು ಹೇಳಿ.