ಹಿಂದಿ ಬರೆದವಳಿಗೆ ಗಣಿತ ಬರೆಯಲು ಆಗಲಿಲ್ಲವೇ?

ಮದ್ದೂರು ತಾಲ್ಲೂಕಿನ ತಾಯಿಯೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶ ಹೀಗಿದೆ: ಅವರ ಮಗಳು ಎಸ್ಸೆಸ್ಸೆಲ್ಸಿಯ ಮೂರು ವಿಷಯಗಳ ಪರೀಕ್ಷೆಯನ್ನು ಚೆನ್ನಾಗಿಯೇ ಬರೆದಿದ್ದಳು. ಗಣಿತದ ಹಿಂದಿನ ರಾತ್ರಿ ಜ್ವರ ಬಂತು. ಬೆಳಗಾಗುವಷ್ಟರಲ್ಲಿ ಎದೆ, ಬೆನ್ನು, ಮುಖದ ಮೇಲೆಲ್ಲ ಚಿಕನ್‌ಪಾಕ್ಸ್‌ನ ನೀರುಗುಳ್ಳೆ ಎದ್ದಿದ್ದವು. ಆದರೂ ಸಮವಸ್ತ್ರ ತೊಟ್ಟು, ಹಾಲ್ ಟಿಕೆಟ್ ಹಿಡಿದು ಮಂಚದ ತುದಿಯಲ್ಲಿ ಕುಳಿತಿದ್ದಳು. ತಂದೆ ಬೈಕ್ ಹೊರತೆಗೆದರು. ತಾಯಿ ಅದರ ಕೀಲಿ ಕಿತ್ತುಕೊಂಡರು. ಅಜ್ಜಿ 'ಅಮ್ಮ ಬಂದಿದೆ' ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅಡುಗೆಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಆಸ್ಪತ್ರೆಗೂ ಹೋಗಗೊಡಲಿಲ್ಲ. ಗಣಿತವೂ ವಿಜ್ಞಾನವೂ ತಪ್ಪಿದವು. ಎಂಟು ದಿನಗಳ ನಂತರ ಗುಳ್ಳೆಗಳು ಒಣಗಿದ ಮೇಲೆ ಕೊನೆಯ ಹಿಂದಿ ಪರೀಕ್ಷೆಯನ್ನು ಬರೆದಳು. 'ಹಿಂದಿ ಬರೆದವಳಿಗೆ ಗಣಿತ ಬರೆಯಲು ಆಗಲಿಲ್ಲವೇ' ಎಂದು ತಂದೆ ದಿನವೂ ಚುಚ್ಚುತ್ತಾರೆ. ಮಗಳು ಪುಸ್ತಕ ಮುಟ್ಟುತ್ತಿಲ್ಲ, ಗೆಳತಿಯರು ಮನೆಗೆ ಬಂದರೆ ಹೊರಗೆ ಬರುವುದಿಲ್ಲ. 'ನಾನು ಕೀಲಿ ಕಿತ್ತುಕೊಂಡದ್ದು ತಪ್ಪಾಯಿತೇ?' ಎಂಬುದು ತಾಯಿಯ ಪ್ರಶ್ನೆ.

ಅಮ್ಮಾ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಮೊದಲು, ಪತ್ರದ ಕೊನೆಯಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿರುವ ಇನ್ನೊಂದು ವಿಷಯವನ್ನು ಎತ್ತಿಕೊಳ್ಳಬೇಕಾಗಿದೆ. ಹೆರಿಗೆಗೆಂದು ತವರಿಗೆ ಬಂದಿದ್ದ ನಿಮ್ಮ ನಾದಿನಿಯನ್ನು ಗುಳ್ಳೆ ಕಂಡ ದಿನವೇ ಗಂಡನ ಮನೆಗೆ ಕಳುಹಿಸಿದಿರಿ ಎಂದು ಬರೆದಿದ್ದೀರಿ. ಈ ಸೋಂಕು ಗುಳ್ಳೆ ಕಾಣಿಸಿಕೊಳ್ಳುವುದಕ್ಕೆ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಹರಡತೊಡಗುತ್ತದೆ, ಹರಡಿಕೊಂಡವರಲ್ಲಿ ಕಾಣಿಸಿಕೊಳ್ಳಲು 10ರಿಂದ 21 ದಿನ ಹಿಡಿಯುತ್ತದೆ. ಆದ್ದರಿಂದ ಕಳುಹಿಸಿದ ಮಾತ್ರಕ್ಕೆ ಅವರು ಅಪಾಯದಿಂದ ಪಾರಾದರೆಂದು ತಿಳಿಯಬೇಡಿ. ಚಿಕ್ಕಂದಿನಲ್ಲಿ ಅವರಿಗೆ ಇದು ಬಂದು ಹೋಗಿದ್ದರೆ ಚಿಂತೆಯಿಲ್ಲ. ಬಂದಿಲ್ಲವಾದರೆ, ಅಥವಾ ಯಾರಿಗೂ ಸರಿಯಾಗಿ ನೆನಪಿಲ್ಲವಾದರೆ, ಅವರನ್ನು ನೋಡುತ್ತಿರುವ ಪ್ರಸೂತಿ ವೈದ್ಯರಿಗೆ ಇಂದೇ ದೂರವಾಣಿ ಮಾಡಿ ತಿಳಿಸಲು ಹೇಳಿ. ಗರ್ಭಿಣಿಯರಿಗೆ ಈ ಕಾಯಿಲೆ ನ್ಯುಮೋನಿಯಾ ತರಬಲ್ಲದು. ಹೆರಿಗೆಯ ಆಸುಪಾಸಿನಲ್ಲಿ ಬಂದರೆ ಹಸುಗೂಸಿಗೂ ಕಂಟಕ.

ಈಗ ಕೀಲಿಯ ಮಾತು. ಆ ಬೆಳಿಗ್ಗೆ ಮಗಳನ್ನು ಸಾಮಾನ್ಯ ಕೊಠಡಿಯಲ್ಲಿ ಇತರ ಮಕ್ಕಳ ನಡುವೆ ಕೂರಿಸಲು ಬಿಡದಿದ್ದುದು ಸರಿಯಾದ ತೀರ್ಮಾನವೇ. ಸುಡುವ ಜ್ವರದಲ್ಲಿ ಮೂರು ಗಂಟೆ ಲೆಕ್ಕ ಬಿಡಿಸುವುದು ಯಾವ ಮಗುವಿಗೂ ಆಗುವಂಥದ್ದಲ್ಲ, ಮತ್ತು ಆ ಕೊಠಡಿಯಲ್ಲಿದ್ದ ಮಕ್ಕಳ ಮನೆಗಳಲ್ಲಿಯೂ ಬಸುರಿಯರು, ವೃದ್ಧರು ಇರುತ್ತಾರೆ. ನಿಮ್ಮ ಯಜಮಾನರ ವ್ಯಂಗ್ಯಕ್ಕೆ ಉತ್ತರವೂ ಇಲ್ಲಿಯೇ ಇದೆ. ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟುವವರೆಗೆ, ಅಂದರೆ ಸಾಮಾನ್ಯವಾಗಿ ಐದರಿಂದ ಏಳು ದಿನ, ರೋಗ ಇನ್ನೊಬ್ಬರಿಗೆ ಅಂಟುತ್ತದೆ. ಹಿಂದಿ ಪರೀಕ್ಷೆಯ ಹೊತ್ತಿಗೆ ಆ ಗಡುವು ದಾಟಿತ್ತು, ಗಣಿತದ ದಿನ ಅದು ಆಗಷ್ಟೇ ಶುರುವಾಗಿತ್ತು.

ಆದರೆ ಅಂದು ಇನ್ನೊಂದು ದಾರಿಯೂ ಇತ್ತು ಎಂಬುದನ್ನು, ಇಂಥದೇ ಸಂಕಟಕ್ಕೆ ನಾಳೆ ಸಿಲುಕಬಹುದಾದ ಓದುಗರಿಗಾಗಿಯಾದರೂ ಹೇಳಬೇಕು. ಶಾಲೆಯ ಮುಖ್ಯೋಪಾಧ್ಯಾಯರಿಗೆ ಕೂಡಲೇ ತಿಳಿಸಿ, ಅವರ ಮೂಲಕ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರಲ್ಲಿ ಪ್ರತ್ಯೇಕ ಕೊಠಡಿಗೆ ಮನವಿ ಮಾಡಿಕೊಳ್ಳಬಹುದಿತ್ತು. ಕೊರೊನಾ ಕಾಲದಲ್ಲಿ, 2020ರ ಜೂನ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾದಾಗ ಜ್ವರದ ಲಕ್ಷಣವಿದ್ದ ಮಕ್ಕಳನ್ನು ಬೇರೆ ಕೊಠಡಿಯಲ್ಲಿ ಕೂರಿಸಿಯೇ ಬರೆಸಿದ್ದರು. ಆದರೆ ಅದು ಎದ್ದು ಕೂತು ಬರೆಯುವ ತ್ರಾಣವಿರುವ ಮಗುವಿಗೆ, ವೈದ್ಯರು ನೋಡಿ ಹೂಂ ಎಂದ ಮೇಲೆ ಮಾತ್ರ ಒಪ್ಪುವ ಮಾತು. ನಿಮ್ಮ ಮನೆಯಲ್ಲಿ ಈ ವಿಚಾರ ಯಾರಿಗೂ ಹೊಳೆಯದಿದ್ದುದು, ಶಾಲೆಯಿಂದ ಸಂಗತಿಯನ್ನು ಮುಚ್ಚಿಟ್ಟಿದ್ದರಿಂದ.

ನಿಮ್ಮ ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಅವರು ಕಂಡದ್ದು ಜೀವ ತೆಗೆಯುತ್ತಿದ್ದ, ಉಳಿದವರ ಕಣ್ಣು ಕಳೆಯುತ್ತಿದ್ದ ಸಿಡುಬಿನ ಕಾಲವನ್ನು. ಭಾರತದಲ್ಲಿ ಅದರ ಕೊನೆಯ ರೋಗಿಗಳು ಕಂಡುಬಂದದ್ದು 1975ರಲ್ಲಿ, ಲೋಕದಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 1980ರಲ್ಲಿ. ಬೇವಿನ ಸೊಪ್ಪು, ಮೊಸರನ್ನ, ಎಳನೀರು ಇವುಗಳಿಂದ ಯಾವ ಕೇಡೂ ಇಲ್ಲ, ಅವುಗಳಿಗಾಗಿ ಅವರೊಡನೆ ಜಗಳವಾಡುವುದೂ ಬೇಡ. ಆಸ್ಪತ್ರೆಗೆ ಹೋಗಗೊಡದಿದ್ದುದನ್ನು ಮಾತ್ರ ನಾನು ಒಪ್ಪಲಾರೆ. ಹದಿಹರೆಯದವರಲ್ಲಿ ಈ ಕಾಯಿಲೆ ಚಿಕ್ಕ ಮಕ್ಕಳಲ್ಲಿ ಕಾಡುವುದಕ್ಕಿಂತ ಹೆಚ್ಚು ಕಾಡುತ್ತದೆ. ಗುಳ್ಳೆ ಎದ್ದ ಮೊದಲ 24 ಗಂಟೆಗಳಲ್ಲಿ ವೈದ್ಯರನ್ನು ಕಂಡಿದ್ದರೆ ಅದರ ತೀವ್ರತೆಯನ್ನು ತಗ್ಗಿಸುವ ಔಷಧ ಕೊಡಲು ಅವಕಾಶವಿರುತ್ತಿತ್ತು. ಮನೆಯಲ್ಲಿರುವ ಕಿರಿಯ ಮಗನಿಗೂ ಬರುವ ಸಂಭವ ಇರುವುದರಿಂದ ಇದನ್ನು ಹೇಳುತ್ತಿದ್ದೇನೆ. ಅವನಿಗೆ ಜ್ವರ ಬಂದರೆ ಆಸ್ಪಿರಿನ್ ಇರುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿಸಬೇಡಿ. ಉಸಿರಾಟದ ತೊಂದರೆ, ನಿಲ್ಲದ ವಾಂತಿ, ಕತ್ತು ಬಿಗಿತ ಅಥವಾ ವಿಪರೀತ ಮಂಪರು ಕಂಡರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡುವುದು ಮಂಚದ ತುದಿಯಲ್ಲಿ ಕುಳಿತ ಆ ಹುಡುಗಿಯೇ. ತಂದೆ ಬೈಕಿನ ಬಳಿ, ತಾಯಿ ಕೀಲಿಯ ಬಳಿ, ಅಜ್ಜಿ ಬೇವಿನ ಸೊಪ್ಪಿನ ಬಳಿ. 'ನಿನಗೆ ಹೇಗಿದೆ, ನಿನಗೇನು ಅನ್ನಿಸುತ್ತದೆ' ಎಂದು ಅವಳನ್ನು ಕೇಳಿದವರ ಸುಳಿವು ನಾಲ್ಕು ಪುಟಗಳ ಪತ್ರದಲ್ಲಿ ಎಲ್ಲಿಯೂ ಇಲ್ಲ. ತೀರ್ಮಾನ ಸರಿಯಿತ್ತು, ತೀರ್ಮಾನಿಸಿದ ಬಗೆ ಅವಳನ್ನು ಹೊರಗಿಟ್ಟಿತು. ವರ್ಷವಿಡೀ ಬೆಳಗಿನ ಜಾವ ಎದ್ದು ಓದಿದವಳಿಗೆ ಕೈಗೆ ಬಂದದ್ದು ತಪ್ಪಿಹೋದ ದುಃಖವಿದೆ, ಮುಖದ ಮೇಲಿನ ಕಲೆಗಳ ನಾಚಿಕೆಯಿದೆ, ಅದರ ಜೊತೆಗೆ ಮನೆಯಲ್ಲಿ ತನ್ನ ಕಾರಣಕ್ಕೇ ಅಪ್ಪ-ಅಮ್ಮ ಮಾತು ಬಿಟ್ಟಿದ್ದಾರೆ ಎಂಬ ಹೊರೆಯೂ ಇದೆ. ಅವಳು ಪುಸ್ತಕ ಮುಟ್ಟದಿರುವುದನ್ನು ಸೋಮಾರಿತನವೆಂದೋ ಹಟವೆಂದೋ ತಿಳಿಯಬಾರದು. ಇಂಥ ಜ್ವರ ಬಿಟ್ಟ ಮೇಲೆ ಮೈ ಚೇತರಿಸಿಕೊಳ್ಳಲು ಕೆಲವು ವಾರಗಳೇ ಹಿಡಿಯುವುದುಂಟು. ಹಾಗಾಗಿ ಓದಿನ ಪ್ರಸ್ತಾಪವನ್ನೇ ಎತ್ತದೆ ಒಂದು ದಿನ ಅವಳ ಬಳಿ ಕುಳಿತು, ಅಂದು ಅವಳನ್ನು ಕೇಳದೆ ತೀರ್ಮಾನಿಸಿದ್ದಕ್ಕೆ ಬೇಸರವಾಗಿದೆಯೇ ಎಂದು ಕೇಳಿ. ಅವಳು ಅತ್ತರೆ ಅಳಲಿ. ಸಮಾಧಾನದ ಮಾತಿಗೆ ಆತುರಪಡಬೇಡಿ. ಕಲೆಗಳ ವಿಷಯದಲ್ಲಿ, ಕೆರೆದುಕೊಳ್ಳದಿದ್ದರೆ ಹೆಚ್ಚಿನವು ತಿಂಗಳುಗಳಲ್ಲಿ ಮಾಸುತ್ತವೆ ಎಂಬ ನಿಜವನ್ನು ಹೇಳಿದರೆ ಸಾಕು.

ನಿಮ್ಮ ಯಜಮಾನರು ಕಟುಕರೆಂದು ನನಗೆ ಅನ್ನಿಸುವುದಿಲ್ಲ. ಮಗಳನ್ನು ಮೈಸೂರಿನ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿಸುವುದಾಗಿ ಬಂಧುಗಳಿಗೆಲ್ಲ ಹೇಳಿಕೊಂಡಿದ್ದಾರೆ, ಈಗ ಅವರಿಗೆ ಮುಖ ತೋರಿಸುವುದು ಹೇಗೆಂಬ ಸಂಕೋಚ ಮಗಳ ಮೇಲಿನ ಸಿಟ್ಟಾಗಿ ಹೊರಬರುತ್ತಿದೆ. ಅವರೊಡನೆ ಮಗಳ ಎದುರು ವಾದಕ್ಕೆ ಇಳಿಯದೆ, ಬಿಡುವಿನಲ್ಲಿ ಲೆಕ್ಕವನ್ನು ಮುಂದಿಡಿ. ಒಟ್ಟು 625 ಅಂಕಗಳಲ್ಲಿ 425 ಅಂಕಗಳ ವಿಷಯಗಳನ್ನು ಮಗಳು ಬರೆದು ಮುಗಿಸಿದ್ದಾಳೆ. ಉಳಿದ ಎರಡು ವಿಷಯಗಳಲ್ಲಿ ತಲಾ 20 ಆಂತರಿಕ ಅಂಕಗಳು ಶಾಲೆಯಲ್ಲಿ ಆಗಲೇ ದಾಖಲಾಗಿವೆ; ಅವಳು ಬರೆಯಬೇಕಾಗಿರುವುದು 160 ಅಂಕಗಳಿಗೆ ಮಾತ್ರ. ನಮ್ಮ ಕಾಲದಲ್ಲಿ 'ಪೂರಕ ಪರೀಕ್ಷೆ' ಎಂಬ ಹಣೆಪಟ್ಟಿ ಇತ್ತು. 2023-24ನೇ ಸಾಲಿನಿಂದ ಅದನ್ನು ತೆಗೆದು ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ತಂದಿದ್ದಾರೆ, ಮೊದಲನೆಯದರಲ್ಲಿ ಪಾಸಾದವರು ಕೂಡ ಅಂಕ ಹೆಚ್ಚಿಸಿಕೊಳ್ಳಲು ಎರಡನೆಯದನ್ನು ಬರೆಯುತ್ತಾರೆ. ಅವರ ಜೊತೆ ಕೂರುವುದರಲ್ಲಿ ತಲೆತಗ್ಗಿಸುವಂಥದ್ದೇನೂ ಇಲ್ಲ. ಕಾಲೇಜಿನ ವಿಷಯವನ್ನು ಫಲಿತಾಂಶದವರೆಗೆ ತಳ್ಳದೆ ಈಗಲೇ ವಿಚಾರಿಸುವುದು ಒಳ್ಳೆಯದು. ಹಲವು ಖಾಸಗಿ ಕಾಲೇಜುಗಳು ಫಲಿತಾಂಶಕ್ಕೂ ಮೊದಲೇ ಅರ್ಜಿ ಪಡೆಯುತ್ತವೆ, ವೈದ್ಯರ ಪತ್ರದೊಂದಿಗೆ ಪರಿಸ್ಥಿತಿಯನ್ನು ವಿವರಿಸಿದರೆ ಕೇಳಿಸಿಕೊಳ್ಳುವ ಪ್ರಾಂಶುಪಾಲರು ಸಿಗುತ್ತಾರೆ.

ಇನ್ನು ಓದು. ಅದನ್ನು ಮಗಳೇ ತೀರ್ಮಾನಿಸಲಿ: ಯಾವ ವಿಷಯದಿಂದ, ಯಾವ ಅಧ್ಯಾಯದಿಂದ, ದಿನಕ್ಕೆ ಎಷ್ಟು ಹೊತ್ತು. ಮೊದಲ ವಾರ ಒಂದು ಗಂಟೆಗಿಂತ ಹೆಚ್ಚು ಬೇಡ. ಅವಳಿಗೆ ಇಷ್ಟವಾದ ಗಣಿತದ ಮೇಷ್ಟರೊಬ್ಬರಿದ್ದರೆ, ಪರೀಕ್ಷೆ-1ರ ಗಣಿತದ ಪ್ರಶ್ನೆಪತ್ರಿಕೆಯನ್ನು ಅವರಿಂದಲೇ ತರಿಸಿ ಕೊಡಿ. ತಪ್ಪಿಹೋದ ಪತ್ರಿಕೆಯನ್ನು ಮನೆಯಲ್ಲಿ ಕುಳಿತು ಬಿಡಿಸಿ ನೋಡುವ ಕುತೂಹಲ ಹೆಚ್ಚಿನ ಮಕ್ಕಳಿಗೆ ಇದ್ದೇ ಇರುತ್ತದೆ. ಎರಡು ವಾರಗಳಾದರೂ ಅವಳು ಊಟ-ನಿದ್ದೆ ಬಿಟ್ಟು ಕೋಣೆಯಲ್ಲಿಯೇ ಉಳಿದರೆ, ಅಥವಾ ಬದುಕಿ ಏನು ಪ್ರಯೋಜನ ಎಂಬಂಥ ಮಾತು ಅವಳ ಬಾಯಲ್ಲಿ ಒಮ್ಮೆ ಬಂದರೂ, ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ, ಹಗಲು-ರಾತ್ರಿ, ಶುಲ್ಕವಿಲ್ಲದೆ ಮಾತನಾಡುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣುವುದಕ್ಕೂ ಹಿಂಜರಿಯಬೇಡಿ.

ಪರೀಕ್ಷೆ-2ರ ನೋಂದಣಿ ಶಾಲೆಯ ಮೂಲಕವೇ ಆಗುತ್ತದೆ, ಕೊನೆಯ ದಿನಾಂಕ ಬೇಗ ಮುಗಿದುಹೋಗುತ್ತದೆ. ಈ ವಾರವೇ ಮುಖ್ಯೋಪಾಧ್ಯಾಯರನ್ನು ಕಾಣಿ, ಮತ್ತು ಈ ಕೆಲಸವನ್ನು ನಿಮ್ಮ ಯಜಮಾನರಿಗೇ ಒಪ್ಪಿಸಿ, ಮಗಳನ್ನೂ ಅವರ ಜೊತೆಗೆ ಕಳುಹಿಸಿ. ಈ ಬಾರಿ ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿ ಬೀಳುವ ಸಾಧ್ಯತೆಯಿದೆ. ಹಾಲ್ ಟಿಕೆಟ್ ಬಂದ ಕೂಡಲೇ ಅಪ್ಪ-ಮಗಳು ಅಲ್ಲಿಗೊಮ್ಮೆ ಹೋಗಿ ನೋಡಿಕೊಂಡು ಬರಲಿ.