ಕದ್ದು ಒಯ್ದ ಕೂದಲಿನ ಡಿಎನ್‌ಎ ರಿಪೋರ್ಟ್ ಕೋರ್ಟಿನಲ್ಲಿ ನಿಲ್ಲುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆ ಕೋರ್ಟಿನಲ್ಲಿ ಜೀವನಾಂಶದ ಕೇಸು ನಡೀತಿದೆ, ಗಂಡ ಮಗುವಿನ ಕೂದಲು ಕತ್ತರಿಸಿಕೊಂಡು ಹೋಗಿ ಖಾಸಗಿ ಲ್ಯಾಬಿನಿಂದ ‘ನನ್ನ ಮಗುವಲ್ಲ’ ಅಂತ ರಿಪೋರ್ಟ್ ತಂದಿದ್ದಾರೆ. ಅದಕ್ಕೆ ಬೆಲೆ ಇದೆಯಾ?

ಹೆದರಬೇಡಿ ಮೇಡಂ. ಅದು ಯಾರ ಕೂದಲು ಅನ್ನೋದಕ್ಕೇ ಅಲ್ಲಿ ಸಾಕ್ಷಿ ಇಲ್ಲ. ಇನ್ನೊಂದು, ಕತ್ತರಿಸಿದ ಕೂದಲಿನಲ್ಲಿ ಬೇರು ಇರೋದಿಲ್ಲ. ಬೇರಿಲ್ಲದ ಕೂದಲಿನಿಂದ ಸಾಮಾನ್ಯವಾಗಿ ಸಿಗೋದು ಮೈಟೋಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುವಂಥದ್ದು, ತಂದೆ ಯಾರು ಅಂತ ಹೇಳೋದೇ ಇಲ್ಲ.

ಕಾನೂನೂ ನಿಮ್ಮ ಕಡೆಗೇ ಇದೆ. ಮದುವೆ ಊರ್ಜಿತವಿದ್ದಾಗ ಹುಟ್ಟಿದ ಮಗು ಗಂಡನದೇ ಅಂತ ಸಾಕ್ಷ್ಯ ಅಧಿನಿಯಮದ 116ನೇ ಕಲಂ (ಹಳೆಯದರಲ್ಲಿ 112) ಹೇಳುತ್ತದೆ. ಆ ಸಮಯದಲ್ಲಿ ಇಬ್ಬರೂ ಕೂಡಲು ಅವಕಾಶವೇ ಇರಲಿಲ್ಲ ಅಂತ ಅವರು ತೋರಿಸಬೇಕು. ಕೇಳಿದವರಿಗೆಲ್ಲ ಪರೀಕ್ಷೆಗೆ ಆದೇಶ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿದೆ. ಆದರೆ 2014ರ ನಂದಲಾಲ್ ಪ್ರಕರಣದಲ್ಲಿ, ಸರಿಯಾಗಿ ಆದ ಡಿಎನ್‌ಎ ವರದಿ ಈ ಊಹೆಯನ್ನೂ ಮೀರಿತು. ಹಾಗಾಗಿ ಪರೀಕ್ಷೆಗೆ ಒಪ್ಪಿಗೆ ಕೊಡುವ ಮೊದಲು ವಕೀಲರನ್ನು ಕೇಳಿ.

ಆದೇಶವಾದರೆ ಎಚ್ಚರ ಬೇಕಾದ್ದು ಸ್ಯಾಂಪಲ್ ಕೊಡುವಾಗ. ಮೂವರದ್ದೂ ಒಂದೇ ದಿನ, ಎಲ್ಲರ ಎದುರಿಗೇ ತೆಗೆಯಲಿ. ಫೋಟೋ ಅಂಟಿಸಿದ ಗುರುತಿನ ನಮೂನೆಗೆ ಸಹಿ, ಹೆಬ್ಬೆಟ್ಟು ಬೀಳಬೇಕು. ಕವರಿಗೆ ಅಲ್ಲೇ ಅರಗಿನ ಸೀಲ್ ಹಾಕಿಸಿ. ರಕ್ತವಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2-3 ಮಿ.ಲೀ. ಹಸಿರು ಮುಚ್ಚಳದ್ದು ಬೇಡ, ಅದರೊಳಗಿನ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ಔಷಧ) ಪಿಸಿಆರ್ ಅನ್ನೇ, ಅಂದರೆ ಲ್ಯಾಬಿನಲ್ಲಿ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಹಂತವನ್ನೇ, ತಡೆಯುತ್ತದೆ. ಕೆನ್ನೆಯ ಒಳಭಾಗದ ಸ್ವಾಬ್ (ಹತ್ತಿಕಡ್ಡಿಯಿಂದ ಉಜ್ಜಿ ತೆಗೆದ ಸ್ಯಾಂಪಲ್) ಆದರೆ ಅರ್ಧ ಗಂಟೆ ಮುಂಚೆಯಿಂದ ಏನೂ ತಿನ್ನಬಾರದು, ಕುಡಿಯಬಾರದು. ಚನ್ನಗಿರಿ ಸೀಮೆಯವರು ಎಲೆ-ಅಡಿಕೆ ಬಾಯಲ್ಲಿಟ್ಟುಕೊಂಡೇ ಬಂದುಬಿಡ್ತಾರೆ. ಅಡಿಕೆಯ ಒಗರೂ ಪಿಸಿಆರ್‌ಗೆ ಅಡ್ಡಿ, ಬಾಯಿ ಚೆನ್ನಾಗಿ ಮುಕ್ಕಳಿಸಿ ಕಾಯಬೇಕು. ಸ್ವಾಬ್ ನೆರಳಲ್ಲಿ ಒಣಗಿಸಿ ಕಾಗದದ ಕವರಿಗೇ ಹಾಕಿಸಿ. ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತು ಬೂಸ್ಟು ಬರುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಅಸ್ಥಿಮಜ್ಜೆ ಕಸಿ ಆಗಿದ್ದರೆ ಮೊದಲೇ ಹೇಳಿಬಿಡಿ. ಕಸಿಯಾದವರ ರಕ್ತದಲ್ಲಿ ಕಾಣೋದು ದಾನಿಯ ಡಿಎನ್‌ಎ.

ರಿಪೋರ್ಟಿನಲ್ಲಿ ಡಿಎನ್‌ಎಯ ಮೇಲಿನ 20ಕ್ಕೂ ಹೆಚ್ಚು ಜಾಗಗಳ ಪಟ್ಟಿ ಇರುತ್ತದೆ, ಪ್ರತಿ ಜಾಗದಲ್ಲಿ ಎರಡೆರಡು ಅಂಕಿ: ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಮಗುವಿನದು 14, 17, ನಿಮ್ಮದು 14, 16 ಅಂದರೆ 17 ತಂದೆಯಿಂದ ಬಂದಿರಬೇಕು. ಗಂಡನಲ್ಲಿ 17 ಇಲ್ಲದಿದ್ದರೆ ಅದೊಂದು ತಾಳೆಯಾಗದ ಜಾಗ. ಒಂದೇ ಒಂದು ತಪ್ಪಿದರೆ ‘ತಂದೆಯಲ್ಲ’ ಅಂತ ಬರೆಯುವ ಹಾಗಿಲ್ಲ, ಅದು ರೂಪಾಂತರವೂ (ಡಿಎನ್‌ಎಯಲ್ಲಿ ತಾನಾಗಿ ಆಗುವ ಬದಲಾವಣೆ) ಆಗಿರಬಹುದು; ಸಾಮಾನ್ಯವಾಗಿ ಮೂರಾದರೂ ತಪ್ಪಿರಬೇಕು. ನಿಮ್ಮ ಗಂಡ ತಂದ ಕಾಗದದಲ್ಲಿ ಈ ಪಟ್ಟಿ ಇದೆಯಾ ನೋಡಿ. ಬರೀ ತೀರ್ಮಾನ ಬರೆದಿದ್ದರೆ ಅದನ್ನು ಪರೀಕ್ಷಿಸುವುದಕ್ಕೇ ಆಗೋದಿಲ್ಲ.

ತಾಳೆಯಾದಾಗ ‘ಇವರೇ ತಂದೆ’ ಅನ್ನೋದರ ಸಾಧ್ಯತೆ ಅಂತ ರಿಪೋರ್ಟಿನಲ್ಲಿ ಬರೆಯುವ 99.99% ಅನ್ನೋದು ಸಂಬಂಧವಿಲ್ಲದ ಯಾರೋ ಗಂಡಸಿಗೆ ಹೋಲಿಸಿ ಹೇಳುವ ಲೆಕ್ಕ. ನಿಮ್ಮದು ಸೋದರಮಾವನ ಜೊತೆಗಿನ ಮದುವೆಯೋ, ಅಥವಾ ಗಂಡನ ಅಣ್ಣತಮ್ಮಂದಿರ ಮೇಲೆ ಆರೋಪ ಇದೆಯೋ, ಅದನ್ನು ಲ್ಯಾಬಿಗೆ ಬರವಣಿಗೆಯಲ್ಲೇ ತಿಳಿಸಿ. ರಕ್ತಸಂಬಂಧಿಗಳಲ್ಲಿ ಅಂಕಿಗಳು ಸಹಜವಾಗಿಯೇ ಹೆಚ್ಚು ಹೊಂದುತ್ತವೆ, ಲೆಕ್ಕ ಬೇರೆ ಥರ ಹಾಕಬೇಕು.

ಭದ್ರಾ ನಾಲೆಯಲ್ಲಿ ಸಿಗುವ ಅಪರಿಚಿತ ಶವಗಳಿಗೂ ಇದೇ ಪರೀಕ್ಷೆಯಾ ಅಂತಲೂ ಕೇಳಿದ್ದೀರಿ. ಹೌದು, ತಂದೆ-ತಾಯಿಯ ಅಥವಾ ಮಕ್ಕಳ ರಕ್ತದ ಜೊತೆ ತಾಳೆ ನೋಡ್ತಾರೆ. ಕೊಳೆತಿದ್ದರೆ ದವಡೆಹಲ್ಲು, ತೊಡೆಮೂಳೆ ತೆಗೆಯುತ್ತಾರೆ. ಮಾಂಸಖಂಡವನ್ನು ಫಾರ್ಮಲಿನ್‌ನಲ್ಲಿ (ಅಂಗಾಂಶ ಕೆಡದಂತೆ ಇಡುವ ರಾಸಾಯನಿಕ) ಹಾಕಿ ಕಳಿಸಿದರೆ ಡಿಎನ್‌ಎ ತುಂಡಾಗಿ ಹಾಳಾಗುತ್ತದೆ, ಗಟ್ಟಿ ಉಪ್ಪುನೀರಿನಲ್ಲಿಡಬೇಕು.