ಶೇ. 70 ಸವೆದಿದೆ ಅಂದರೆ ಉಳಿದಿರುವುದೆಷ್ಟು?

ಓದುಗರ ಪತ್ರ

ಸಂಪಾದಕರೇ, ನಮ್ಮ ಕಾರಿಗೆ ನಾಲ್ಕು ವರ್ಷ. 46,000 ಕಿ.ಮೀ. ಓಡಿದೆ. ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ ಅಂತ ಡೀಲರ್ ಸರ್ವಿಸ್ ಸೆಂಟರ್‌ಗೆ ಬಿಟ್ಟಿದ್ದೆ, ಅಷ್ಟೆ. ಮಧ್ಯಾಹ್ನ ಫೋನ್ ಬಂತು. ಪೂರ್ತಿ ಚೆಕಪ್ ಮಾಡಿದ್ದಾರಂತೆ. ಮುಂದಿನ ಬ್ರೇಕ್ ಪ್ಯಾಡ್ ಶೇ. 70 ಸವೆದಿದೆ, ಬ್ರೇಕ್ ಆಯಿಲ್ ಹಳೆಯದಾಗಿದೆ, ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಆಯಿಲ್ ಕಾಣುತ್ತಿದೆ, ಬ್ಯಾಟರಿ ವೀಕ್ ಅಂದರು. ಜೊತೆಗೆ ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್, ಎ.ಸಿ. ಟ್ರೀಟ್‌ಮೆಂಟ್ ಮಾಡಿಸಿಬಿಡಿ ಅಂದರು. ಒಟ್ಟು ಬಿಲ್ ನಾನು ಅಂದುಕೊಂಡಿದ್ದರ ಮೂರು ಪಟ್ಟು. ಓಡಿಸುವಾಗ ನನಗಂತೂ ಏನೂ ತೊಂದರೆ ಕಂಡಿಲ್ಲ. ಬೇಡ ಅಂದರೆ ವಾರಂಟಿಗೆ ತೊಂದರೆ ಆಗಬಹುದು ಅಂತಲೂ ಹೇಳಿದರು. ಯೋಚಿಸಿ ಹೇಳುತ್ತೇನೆ ಅಂತ ಕಾರು ವಾಪಸ್ ತಂದಿದ್ದೇನೆ. ಇದು ಮೋಸವಾ, ಅಥವಾ ನನಗೇ ಅನುಮಾನ ಜಾಸ್ತಿಯಾ?

– ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ

ಹೌದು, ಬೇಡದ ಕೆಲಸವನ್ನು ಪಟ್ಟಿಗೆ ಸೇರಿಸುವುದು ಇದೆ. ಆದರೆ ನಿಮ್ಮ ಪಟ್ಟಿಯ ಏಳೂ ಬೇಡದವಲ್ಲ. ಒಂದನ್ನು ಮಾಡಿಸಬೇಕು. ಮೂರರ ಬಗ್ಗೆ ಅಳತೆ ನೋಡದೆ ಏನೂ ಹೇಳುವ ಹಾಗಿಲ್ಲ. ಉಳಿದ ಮೂರನ್ನು ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ.

ಏಳನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು ನೋಡಿ, ತೊಂದರೆ ಇರುವುದು ಅಲ್ಲಿ. ಚೆನ್ನಾಗಿರುವ ಭಾಗವನ್ನು ಹಾಳಾಗಿದೆ ಅಂತ ಹಸಿ ಸುಳ್ಳು ಹೇಳುವವರು ಕಡಿಮೆ. ಸಿಕ್ಕಿಬೀಳುವ ಭಯ ಅವರಿಗೂ ಇರುತ್ತದೆ. ಆದರೆ ‘ಮಾಡಿಸಿದರೆ ಒಳ್ಳೆಯದು’ ಅನ್ನುವುದನ್ನು ತಂದು ‘ಮಾಡಿಸಲೇಬೇಕು’ ಅನ್ನುವುದರ ಪಕ್ಕ ಕೂರಿಸಿದರೆ ಯಾರೂ ಅದನ್ನು ಸುಳ್ಳು ಅನ್ನಲಾಗದು. ಬ್ರೇಕ್ ಹೆಸರು ಕೇಳಿ ಹೆದರಿದವರು ಅದೇ ಹೆದರಿಕೆಯಲ್ಲಿ ಎಂಜಿನ್ ಫ್ಲಶ್‌ಗೂ ಹೂಂ ಅಂದುಬಿಡುತ್ತಾರೆ.

ಮೊದಲು ಬ್ರೇಕ್ ಪ್ಯಾಡ್ ನೋಡೋಣ. ಹೊಸ ಪ್ಯಾಡ್‌ನಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ. ಹತ್ತಿರ ಬಂದಾಗ ಬದಲಿಸಿ ಅನ್ನುವುದು ವರ್ಕ್‌ಶಾಪ್‌ಗಳ ರೂಢಿ. ಈಗ ಶೇ. 70 ಸವೆದಿದೆ ಅನ್ನುತ್ತಾರೆ. ಯಾವುದರಲ್ಲಿ ಶೇ. 70? ನಿಮ್ಮ ಪ್ಯಾಡ್ 12 ಮಿ.ಮೀ. ಇತ್ತು ಅಂತ ಇಟ್ಟುಕೊಳ್ಳಿ. ಪೂರ್ತಿ ದಪ್ಪದಲ್ಲಿ ಶೇ. 70 ಹೋಗಿದ್ದರೆ ಉಳಿದಿರುವುದು 3.6 ಮಿ.ಮೀ. ಅಂದರೆ ಮಿತಿಗೆ ಇನ್ನು 0.6 ಮಿ.ಮೀ. ಮಾತ್ರ. ಆದರೆ ಕೆಲವರು ಲೆಕ್ಕ ಹಾಕುವುದು ಬೇರೆ ಥರ. 12ರಿಂದ 3ರವರೆಗಿನ 9 ಮಿ.ಮೀ. ಮಾತ್ರ ಬಳಸುವ ಭಾಗ, ಅದರಲ್ಲಿ ಶೇ. 70 ಸವೆದಿದೆ ಅನ್ನುತ್ತಾರೆ. ಆಗ ಹೋಗಿರುವುದು 6.3, ಉಳಿದಿರುವುದು 5.7 ಮಿ.ಮೀ.

ಈ ಎರಡನ್ನೂ ನೀವು ಓಡಿಸಿದ ದೂರಕ್ಕೆ ಹಾಕಿ ನೋಡಿ. ಪ್ಯಾಡ್ ಕಾರಿನ ಜೊತೆಗೇ ಬಂದಿದ್ದು, ಮುಂದೆಯೂ ಇದೇ ರೀತಿ ಸವೆಯುತ್ತದೆ ಅಂದರೆ, ಮೊದಲ ಲೆಕ್ಕದಲ್ಲಿ ನಿಮಗೆ ಉಳಿದಿರುವುದು ಸುಮಾರು 3,300 ಕಿ.ಮೀ. ಎರಡನೆಯದರಲ್ಲಿ ಹತ್ತಿರ ಹತ್ತಿರ 20,000 ಕಿ.ಮೀ.! ಫೋನಿನಲ್ಲಿ ಕೇಳಿಸಿದ್ದು ಮಾತ್ರ ಒಂದೇ ಮಾತು. ಅದಕ್ಕೇ ಹೇಳುವುದು, ಶೇಕಡಾವಾರು ಬೇಡ, ಮಿಲಿಮೀಟರ್ ಹೇಳಿ ಅನ್ನಿ. ಎಡ ಬಲ ಎರಡು ಕಡೆಯದೂ ಬೇಕು. ಒಂದೇ ಚಕ್ರದಲ್ಲಿ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತುಂಬಾ ಜಾಸ್ತಿ ಸವೆದಿದ್ದರೆ ಪ್ಯಾಡ್‌ಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಸರಿಯಾಗಿ ಸರಿದಾಡುತ್ತಿಲ್ಲ ಅನ್ನುವ ಅನುಮಾನ ಬರಬೇಕು. ಆಗ ಪ್ಯಾಡ್ ಮಾತ್ರ ಬದಲಿಸಿದರೆ ಹೊಸದೂ ಹಾಗೇ ಸವೆಯುತ್ತದೆ. ಅಳತೆ ಕೇಳುವುದರಿಂದ ಬಿಲ್ ಕಡಿಮೆಯೇ ಆಗಬೇಕೆಂದಿಲ್ಲ, ಒಮ್ಮೊಮ್ಮೆ ನಿಜವಾದ ಕಾಯಿಲೆಯೂ ಸಿಗುತ್ತದೆ.

ಬ್ರೇಕ್ ಡಿಸ್ಕ್ (ಪ್ಯಾಡ್ ಒತ್ತಿ ಹಿಡಿಯುವ ತಟ್ಟೆ) ಕೂಡ ಬದಲಿಸಬೇಕು ಅಂದರೆ ಇನ್ನೂ ಸುಲಭ. ಕನಿಷ್ಠ ಎಷ್ಟು ದಪ್ಪ ಇರಬೇಕು ಅನ್ನುವುದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತಾರೆ. ಟಯರ್ ವಿಷಯವೂ ಹಾಗೇ. ಟಯರ್ ಮೇಲಿನ ಉದ್ದದ ಸೀಳುಗಳ ಒಳಗೆ ಅಡ್ಡಕ್ಕೆ ಸಣ್ಣ ಉಬ್ಬು ಇರುತ್ತದೆ. ರಬ್ಬರ್ ಸವೆದು ಆ ಉಬ್ಬಿನ ಸಮಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ., ಅನೇಕ ದೇಶಗಳಲ್ಲಿ ಕಾನೂನಿನ ಮಿತಿಯೂ ಅದೇ. ಮಳೆಯಲ್ಲಿ ಜಾಸ್ತಿ ಓಡಿಸುವವರು 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು ಅಂತ ಸರ್ವಿಸ್‌ನವರು ಹೇಳಿದರೆ ಅದು ಮೋಸದ ಮಾತಲ್ಲ. ಕಾನೂನಿನ ಮಿತಿ ಬೇರೆ, ಜಾಣತನದ ಮಿತಿ ಬೇರೆ. ಯಾವ ಮಿತಿಯ ಮಾತಾಡುತ್ತಿದ್ದೇವೆ ಅಂತ ಅವರು ಹೇಳಬೇಕು, ಅಷ್ಟೆ.

ಇನ್ನು, ಯಾಕೆ ಹೀಗೆ ಮಾಡುತ್ತಾರೆ ಅಂತ. ಫೋನ್ ಮಾಡಿದ ಸರ್ವಿಸ್ ಅಡ್ವೈಸರ್ ಮೆಕ್ಯಾನಿಕ್ ಅಲ್ಲದೆ ಇರಬಹುದು. ಕಾರಿನ ಕೆಳಗೆ ಹೋಗಿ ನೋಡಿದವರು ಬೇರೆ, ನಿಮಗೆ ಹೇಳಿದವರು ಬೇರೆ. ಎಷ್ಟೋ ಕಡೆ ಅಡ್ವೈಸರ್‌ಗೆ ತಿಂಗಳ ಟಾರ್ಗೆಟ್ ಇರುತ್ತದೆ. ಒಪ್ಪಿಸಿದ ಪ್ರತಿ ಕೆಲಸಕ್ಕೂ ಕಮಿಷನ್ ಇರುತ್ತದೆ. ಮೆಕ್ಯಾನಿಕ್‌ಗೂ ಮಾಡಿದ ಕೆಲಸದ ಲೆಕ್ಕದಲ್ಲಿ ದುಡ್ಡು ಕೊಡುವ ಪದ್ಧತಿ ಉಂಟು. ಹೊಸ ಕಾರು ಮಾರಿದರೆ ಡೀಲರ್‌ಗೆ ಉಳಿಯುವುದು ಅಷ್ಟಕ್ಕಷ್ಟೆ, ಸರ್ವಿಸ್ ಮತ್ತು ಬಿಡಿಭಾಗದಲ್ಲಿ ಉಳಿಯುವುದು ಜಾಸ್ತಿ. ರೋಗ ಯಾವುದು ಅಂತ ಹೇಳುವವರೇ ಔಷಧಿ ಮಾರುವವರೂ ಆದರೆ ಹೇಗಿರುತ್ತದೋ ಹಾಗೆ.

1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದು ದೊಡ್ಡ ಗಲಾಟೆಯೇ ಆಯಿತು. ಅದು ಡೀಲರ್ ಕಥೆಯಲ್ಲ, ಸಿಯರ್ಸ್ ಎಂಬ ದೊಡ್ಡ ಮಳಿಗೆ ಕಂಪನಿ ನಡೆಸುತ್ತಿದ್ದ ಕಾರು ರಿಪೇರಿ ಕೇಂದ್ರಗಳ ಕಥೆ. ಸರ್ಕಾರದ ತನಿಖೆಯವರು ಸಾಮಾನ್ಯ ಗಿರಾಕಿಗಳ ಹಾಗೆ ಅಲ್ಲಿಗೆ ಕಾರು ಒಯ್ದರು. ಬ್ರೇಕ್ ಸವೆದದ್ದು ಬಿಟ್ಟರೆ ಆ ಕಾರುಗಳಲ್ಲಿ ಬೇರೆ ತೊಂದರೆ ಇರಲಿಲ್ಲ. ಆದರೂ ಹೆಚ್ಚಿನ ಸಲ ಬೇಡದ ಕೆಲಸ ಮಾಡಿ ಬಿಲ್ ಕೊಟ್ಟಿದ್ದರು. ಟಾರ್ಗೆಟ್ ಮತ್ತು ಕಮಿಷನ್ ಪದ್ಧತಿಯಿಂದಲೇ ತಪ್ಪುಗಳಾಗುವ ವಾತಾವರಣ ಬಂತು ಅಂತ ಕಂಪನಿಯೇ ಒಪ್ಪಿಕೊಂಡಿತು. ಅಡ್ವೈಸರ್‌ಗಳ ಕಮಿಷನ್ ನಿಲ್ಲಿಸಿತು. ಅಲ್ಲಿದ್ದವರೆಲ್ಲ ಕಳ್ಳರೇನಲ್ಲ, ಅಲ್ವಾ? ಸಂಜೆಯೊಳಗೆ ಇಷ್ಟು ಶಾಕ್ ಅಬ್ಸಾರ್ಬರ್ ಮಾರಬೇಕು ಅಂತ ತಲೆ ಮೇಲೆ ಕೂತರೆ, ಸ್ವಲ್ಪ ಎಣ್ಣೆ ಪಸೆ ಕಂಡದ್ದೂ ಸೋರಿಕೆಯಾಗಿ ಕಾಣುತ್ತದೆ.

ಅಡ್ವೈಸರ್ ಕಷ್ಟವನ್ನೂ ಒಂದು ಮಾತು ಹೇಳಬೇಕು. ಪ್ಯಾಡ್ ಸವೆದಿದ್ದು ಕಂಡೂ ಹೇಳದೆ ಬಿಟ್ಟು, ಆಮೇಲೆ ಅಪಘಾತ ಆದರೆ ಹೊಣೆ ಅವರ ಮೇಲೆ. ಹಾಗಾಗಿ ಕಂಡದ್ದೆಲ್ಲ ಬರೆದುಬಿಡುತ್ತಾರೆ. ಬರೆಯಲಿ, ಅದು ಬೇಕಾದದ್ದೇ. ‘ಗಮನದಲ್ಲಿರಲಿ’ ಅಂತ ಬರೆದದ್ದನ್ನು ‘ಈಗಲೇ ಮಾಡಿಸಿ’ ಅಂತ ಓದಿ ಹೇಳಿದರೆ ಮಾತ್ರ ತಕರಾರು. ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ 2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಅಂತ ಬೇರೆ ಬೇರೆ ಬರೆಯುತ್ತಾರೆ. ಮೊದಲಿನ ಎರಡರಲ್ಲಿ ಒಂದಿದ್ದರೂ ಕಾರು ಫೇಲ್. ಸಣ್ಣದಿದ್ದರೆ ಪಾಸ್. ಬರೀ ಸಲಹೆಗೆ ಬೇರೆಯೇ ಜಾಗ. ಇನ್ನು ಉತ್ತರ ಐರ್ಲೆಂಡ್‌ನಲ್ಲಂತೂ ತಪಾಸಣೆ ಮಾಡುವ ಕೇಂದ್ರಗಳು ಸರ್ಕಾರದವು, ಅಲ್ಲಿ ರಿಪೇರಿ ಮಾಡುವುದೇ ಇಲ್ಲ. ಕಾರು ಫೇಲ್ ಆದರೂ ರಿಪೇರಿಯ ಲಾಭ ಅವರಿಗೆ ಸಿಗುವುದಿಲ್ಲ. ನನಗೆ ಇಷ್ಟವಾದ ಏರ್ಪಾಡು ಅದು.

ನಿಮ್ಮ ಪಟ್ಟಿಗೆ ಬರೋಣ. ಮಾಡಿಸಲೇಬೇಕಾದ್ದು ಒಂದು ಅಂದೆನಲ್ಲ, ಅದು ಬ್ರೇಕ್ ಆಯಿಲ್. ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಇದನ್ನೇ ಎಲ್ಲರೂ ಮೊದಲು ಬೇಡ ಅನ್ನುವುದು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 4’ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲಿನ ಅಳತೆ 155 ಡಿಗ್ರಿ ಅಷ್ಟೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕುದಿದು ಆವಿಯಾಗಬಹುದು. ಆವಿ ಕುಗ್ಗುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹಲವು ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ನಿಮ್ಮದು ನಾಲ್ಕು ವರ್ಷದ್ದು. ಹಿಂದಿನ ಬಿಲ್‌ಗಳಲ್ಲಿ ಬದಲಿಸಿದ್ದು ಕಾಣದಿದ್ದರೆ ತಡ ಮಾಡಬೇಡಿ.

ಶಾಕ್ ಅಬ್ಸಾರ್ಬರ್ ವಿಷಯಕ್ಕೆ, ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೀವೇ ನೋಡಿ. ಮೇಲಿನ ಅರ್ಧದಲ್ಲಿ ತೆಳ್ಳಗೆ ಎಣ್ಣೆ ಪಸೆ, ಅದಕ್ಕೆ ಧೂಳು ಅಂಟಿದ್ದರೆ ಅದು ಮಾಮೂಲಿ. ರಾಡ್ ಒಳಗೆ ಹೊರಗೆ ಆಡುವಾಗ ಸ್ವಲ್ಪ ಎಣ್ಣೆ ಹೊರಗೆ ಬರುತ್ತದೆ. ಎಣ್ಣೆ ಕೆಳಗಿನವರೆಗೂ ಇಳಿದು ಒದ್ದೆಯಾಗಿದ್ದರೆ, ತೊಟ್ಟಿಕ್ಕುತ್ತಿದ್ದರೆ, ಅದು ಸೋರಿಕೆ. ಒರೆಸಿ, ಕೆಲವು ವಾರ ಓಡಿಸಿ ಮತ್ತೆ ನೋಡೋಣ ಅಂತ ಕೇಳಿ. ಸೋರಿಕೆ ಇದ್ದರೆ ಮತ್ತೆ ಒದ್ದೆಯಾಗಿಯೇ ಆಗುತ್ತದೆ. ಫೋಟೋ ಕಳಿಸಿದರೆ ಸಾಕಾಗುವುದಿಲ್ಲವೇ ಅನ್ನಬಹುದು. ಆ ಫೋಟೋ ನಿಮ್ಮ ಕಾರಿನದೇ ಅಂತ ಗೊತ್ತಾಗುವ ಹಾಗಿರಬೇಕಲ್ಲ! ನಂಬರ್ ಪ್ಲೇಟಿನಿಂದ ಶುರುವಾಗುವ ವಿಡಿಯೋ ಆದರೆ ಪರವಾಗಿಲ್ಲ.

ಬ್ಯಾಟರಿಗೆ ನಾಲ್ಕು ವರ್ಷ ಅಂದರೆ ವಯಸ್ಸಾಗಿರುವುದು ನಿಜ, ಅವರು ಹೇಳಿದ್ದು ಸರಿ ಇರಬಹುದು. ಆದರೆ ಚಾರ್ಜ್ ಇಳಿದ ಬ್ಯಾಟರಿಗೂ ಹಾಳಾದ ಬ್ಯಾಟರಿಗೂ ವ್ಯತ್ಯಾಸ ಇದೆ. ಪೂರ್ತಿ ಚಾರ್ಜ್ ಆದ ಸಾಮಾನ್ಯ ಕಾರ್ ಬ್ಯಾಟರಿ, ಕೆಲವು ಗಂಟೆ ಸುಮ್ನೆ ಬಿಟ್ಟ ಮೇಲೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ತೋರಿಸಿದರೆ ಅರ್ಧದಷ್ಟೇ ಚಾರ್ಜ್ ಇದೆ ಅಂತ. ಬರೀ ಸಣ್ಣ ಸಣ್ಣ ದೂರ ಓಡಿಸುವವರ ಕಾರಿನಲ್ಲಿ ಇದು ಸಾಮಾನ್ಯ. ಪೂರ್ತಿ ಚಾರ್ಜ್ ಮಾಡಿ ಮತ್ತೊಮ್ಮೆ ಟೆಸ್ಟ್ ಮಾಡಿ, ಆ ಚೀಟಿ ಕೊಡಿ ಅನ್ನಿ. ಆಮೇಲೂ ಫೇಲ್ ಆದರೆ ಬದಲಿಸಿ.

ಇನ್ನು ಇಂಜೆಕ್ಟರ್ (ಎಂಜಿನ್‌ಗೆ ಇಂಧನ ಚಿಮ್ಮಿಸುವ ನಳಿಕೆ) ಕ್ಲೀನಿಂಗ್, ಎಂಜಿನ್ ಫ್ಲಶ್ (ಎಂಜಿನ್ ಒಳಗಿನ ಕೊಳೆ ತೊಳೆಯುವುದು), ಎ.ಸಿ. ಟ್ರೀಟ್‌ಮೆಂಟ್. ಒಂದು ಡಬ್ಬಿ ದ್ರಾವಣ, ಸ್ವಲ್ಪ ಹೊತ್ತಿನ ಕೆಲಸ, ಒಳ್ಳೆ ಲಾಭ. ಹಳೆಯ ಭಾಗ ಅಂತ ತೋರಿಸಲು ಏನೂ ಇಲ್ಲ. ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಯಾರೂ ಅಳೆಯುವುದಿಲ್ಲ. ಹಾಗಾಗಿಯೇ ಇವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ. ಎಂಜಿನ್ ನಡುಗುತ್ತಿದ್ದರೆ, ಮೈಲೇಜ್ ಬಿದ್ದಿದ್ದರೆ, ಎ.ಸಿ. ಹಾಕಿದಾಗ ಮುಗ್ಗಲು ವಾಸನೆ ಬಂದರೆ ಆಗ ಯೋಚಿಸಬಹುದು. ಅದೂ ಎ.ಸಿ. ವಾಸನೆಗೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ, ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೆಟ್ಟಿಗೆಯ ಹಿಂದೆಯೇ ಇರುತ್ತದೆ. ನಿಮಗೆ ಯಾವ ತೊಂದರೆಯೂ ಇಲ್ಲ ಅಂದ ಮೇಲೆ ಮೂರೂ ಬೇಡ.

ಆದರೆ ‘ಓಡಿಸುವಾಗ ಏನೂ ತೊಂದರೆ ಕಂಡಿಲ್ಲ’ ಅನ್ನುವ ನಿಮ್ಮ ಮಾತನ್ನು ಎಲ್ಲದಕ್ಕೂ ಹಚ್ಚಬೇಡಿ. ಬ್ರೇಕ್ ಆಯಿಲ್ ಕಥೆ ಆಗಲೇ ಹೇಳಿದೆ. ಎಂಜಿನ್ ಒಳಗೆ ಪಿಸ್ಟನ್‌ಗೂ ವಾಲ್ವ್‌ಗೂ ತಾಳ ತಪ್ಪದ ಹಾಗೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಇನ್ನೂ ಕೆಟ್ಟದ್ದು. ಇಂಥ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಅದಕ್ಕೆ ಕಿಲೋಮೀಟರ್ ಲೆಕ್ಕವೂ ಉಂಟು, ವರ್ಷದ ಲೆಕ್ಕವೂ ಉಂಟು. ಯಾವುದು ಮೊದಲು ಬರುತ್ತದೋ ಅದು. ತುಂಡಾಗುವ ಹಿಂದಿನ ದಿನದವರೆಗೂ ಕಾರು ಚೆನ್ನಾಗಿಯೇ ಓಡಬಹುದು. ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ. ಆಮೇಲಿನ ಬಿಲ್ ಎದುರು ಇಂಥ ಹತ್ತು ಪಟ್ಟಿ ಸಣ್ಣವು.

ವಾರಂಟಿ ಹೆದರಿಕೆಗೆ ಉತ್ತರ ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇದೆ. ಅದರಲ್ಲಿ ಯಾವ ಕೆಲಸ ಎಷ್ಟು ಕಿ.ಮೀ.ಗೆ, ಎಷ್ಟು ತಿಂಗಳಿಗೆ ಅಂತ ಕೋಷ್ಟಕ ಇರುತ್ತದೆ. ಅದರಲ್ಲಿರುವುದನ್ನು ತಪ್ಪಿಸಿದರೆ ವಾರಂಟಿ ತಕರಾರು ಬರಬಹುದು. ಅದರಲ್ಲಿ ಇಲ್ಲದ ಫ್ಲಶ್ ಬೇಡ ಅಂದದ್ದಕ್ಕೆ ವಾರಂಟಿ ಹೋಗುತ್ತದೆ ಅಂದರೆ, ಆ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಅನ್ನಿ. ಬರೆದುಕೊಡುವವರು ಸಿಗುವುದು ಕಷ್ಟ.

ಹೊರಗಿನ ಮೆಕ್ಯಾನಿಕ್‌ಗೆ ತೋರಿಸಿದರೆ ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತೋರಿಸಿ. ಆದರೆ ಡೀಲರ್ ಕೊಟ್ಟ ಪಟ್ಟಿಯನ್ನು ಮೊದಲೇ ಅವರ ಕೈಗೆ ಕೊಡಬೇಡಿ. ಕೊಟ್ಟರೆ ಅವರು ನೋಡುವುದು ಕಾರನ್ನಲ್ಲ, ಪಟ್ಟಿಯನ್ನು. ‘ಅಯ್ಯೋ, ಇದೆಲ್ಲ ಸುಮ್ನೆ, ನಾನು ಅರ್ಧ ದುಡ್ಡಿಗೆ ಮಾಡಿಕೊಡ್ತೀನಿ’ ಅಂದರೆ ಗೊತ್ತಾಯಿತಲ್ಲ, ಬೇಡದ ಕೆಲಸವನ್ನು ಅರ್ಧ ದುಡ್ಡಿಗೆ ಮಾಡಿಸಿದ ಹಾಗಾಯಿತು. ಬ್ರೇಕ್ ಅಳತೆ ಮಾತ್ರ ತೆಗೆದುಕೊಡಿ, ಅದಕ್ಕೆ ಎಷ್ಟಾಗುತ್ತದೋ ಕೊಡುತ್ತೇನೆ ಅನ್ನಿ. ನೋಡುವುದಕ್ಕೇ ದುಡ್ಡು ಕೊಟ್ಟರೆ ನೋಡುವವರಿಗೆ ಇನ್ನೇನನ್ನೋ ಮಾರುವ ಅವಸರ ಇರುವುದಿಲ್ಲ.

ಮುಂದಿನ ಸಲ ಕಾರು ಬಿಡುವಾಗ ಜಾಬ್ ಕಾರ್ಡ್‌ನಲ್ಲಿ ‘ಕೇಳದೆ ಬೇರೆ ಕೆಲಸ ಮಾಡಬೇಡಿ, ತೆಗೆದ ಹಳೆಯ ಭಾಗ ವಾಪಸ್ ಕೊಡಿ’ ಅಂತ ಬರೆಸಿ, ಆಮೇಲೆ ಸಹಿ ಹಾಕಿ. ಕೆಲವು ಭಾಗಗಳನ್ನು ಕಂಪನಿಗೆ ವಾಪಸ್ ಕಳಿಸಬೇಕಾಗುತ್ತದೆ, ಆಗ ತೋರಿಸಿದರೂ ಸಾಕು. ಈ ವಾರ ಬ್ರೇಕ್ ಆಯಿಲ್ ಮಾಡಿಸಿಬಿಡಿ. ಅದಕ್ಕೆ ಹೇಗೂ ಕಾರು ಲಿಫ್ಟ್ ಏರುತ್ತದೆ, ಚಕ್ರ ಬಿಚ್ಚಿದರೆ ಪ್ಯಾಡ್ ಕೂಡ ಕಾಣುತ್ತದೆ. ನಾಲ್ಕೂ ಪ್ಯಾಡ್ ಎಷ್ಟು ಮಿ.ಮೀ. ಇವೆ ಅಂತ ಬರೆಸಿಕೊಂಡು ನಮಗೂ ಒಂದು ಸಾಲು ಬರೆಯಿರಿ. 3.6 ಹತ್ತಿರವೋ 5.7 ಹತ್ತಿರವೋ ಅಂತ ನನಗೂ ಕುತೂಹಲ ಇದೆ.